ತುಮಕೂರಿನಲ್ಲಿ ಕಡಿಮೆ ಬಾಡಿಗೆಯ ಮನೆ: ಸರ್ಕಾರದ್ದು ಸಿಗುತ್ತದೆಯೇ, ಭೋಗ್ಯಕ್ಕೆ ಹೋಗಬೇಕೇ?

ಪ್ರಶ್ನೆ: ಮೇಡಂ, ನಮ್ಮದು ಮಧುಗಿರಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಯಜಮಾನರಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿ ನಾಲ್ಕು ತಿಂಗಳಾಯಿತು. ಕೈಗೆ 17,000 ಬರುತ್ತದೆ. ನಾನು, ನಾಲ್ಕನೇ ಕ್ಲಾಸಿನ ಮಗಳು, ನಾಲ್ಕು ವರ್ಷದ ಮಗ, ಈ ವರ್ಷ ಬಿ.ಕಾಂ. ಸೇರುತ್ತಿರುವ ನಾದಿನಿ ಎಲ್ಲರೂ ತುಮಕೂರಿಗೆ ಬರಬೇಕು ಅಂತಿದ್ದೇವೆ. ಬಂದಮೇಲೆ ನಾನೂ ಗಾರ್ಮೆಂಟ್ಸ್‌ಗೆ ಸೇರುತ್ತೇನೆ. ಪರಿಚಯದವರೊಬ್ಬರು 15,000 ಕೊಟ್ಟರೆ ಪ್ರಧಾನಮಂತ್ರಿ ಯೋಜನೆಯಲ್ಲಿ ಸಬ್ಸಿಡಿ ಬಾಡಿಗೆ ಮನೆ ಮಾಡಿಸಿಕೊಡುತ್ತೇನೆ ಅನ್ನುತ್ತಿದ್ದಾರೆ. ಶೆಟ್ಟಿಹಳ್ಳಿ ಕಡೆ ಎರಡು ರೂಮಿನ ಒಂದು ಮನೆ ನೋಡಿದ್ದೇವೆ. ಬಾಡಿಗೆ 6,500, ಅಡ್ವಾನ್ಸ್ 60,000. ಬೇಡವಾದರೆ ಮೂರು ವರ್ಷಕ್ಕೆ 4 ಲಕ್ಷ ಭೋಗ್ಯ. ನಮ್ಮ ಹತ್ತಿರ ಒಂದೂವರೆ ಲಕ್ಷ ಇದೆ, ಉಳಿದಿದ್ದು ಎರಡು ರೂಪಾಯಿ ಬಡ್ಡಿಗೆ ಸಿಗುತ್ತದೆ. ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಕೇಳುವ ಹಾಗಿಲ್ಲ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ಅದು ನಿಜವೇ? ಏನು ಮಾಡುವುದು ಒಳ್ಳೆಯದು ತಿಳಿಸಿ.

ಉತ್ತರ: ಮೊದಲನೇ ಮಾತು, ಆ 15,000 ಕೊಡಬೇಡಿ. ಕೊಟ್ಟಾಗಿದ್ದರೆ ಇವತ್ತೇ ವಾಪಸ್ ಕೇಳಿ.

ನಾನು ಇಪ್ಪತ್ತೆರಡು ವರ್ಷ ಪಾಲಿಕೆ, ಪುರಸಭೆಗಳ ಬಡತನ ನಿರ್ಮೂಲನಾ ವಿಭಾಗದಲ್ಲಿ ಸಮುದಾಯ ಸಂಘಟಕಿಯಾಗಿದ್ದೆ. ವಸತಿ ಅರ್ಜಿಗಳ ಕಟ್ಟು ಹೊತ್ತುಕೊಂಡು ಬೀದಿ ಬೀದಿ ಸುತ್ತಿದ್ದೇನೆ. ಅಷ್ಟೂ ವರ್ಷದಲ್ಲಿ ಫೈಲಿಗೆ ಇಷ್ಟು, ಸಾಹೇಬರಿಗೆ ಇಷ್ಟು ಅಂತ ದುಡ್ಡು ಕೊಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಹಾಗೆ ಕೊಟ್ಟು ಬಾಡಿಗೆ ಮನೆ ಪಡೆದವರನ್ನು ಮಾತ್ರ ಒಬ್ಬರನ್ನೂ ನೋಡಿಲ್ಲ.

ಇಂಥ ಯೋಜನೆಯೇ ಇಲ್ಲ ಅಂತ ಹೇಳುತ್ತಿಲ್ಲ. ಇದೆ. ಅದಕ್ಕೇ ಈ ಪರಿಚಯದವರ ವ್ಯಾಪಾರ ನಡೆಯುವುದು. ಕೊರೊನಾ ಬಂದಾಗ ವಲಸೆ ಕಾರ್ಮಿಕರು ನಡೆದುಕೊಂಡು ಊರಿಗೆ ಹೋದರಲ್ಲ, ಅದಾದ ಮೇಲೆ 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೈಗೆಟಕುವ ಬಾಡಿಗೆ ವಸತಿ ಸಮುಚ್ಚಯ ಅಂತ ಒಂದು ಯೋಜನೆ ತಂದಿತು. ಹಳೇ ಯೋಜನೆಗಳಲ್ಲಿ ಕಟ್ಟಿ ಖಾಲಿ ಬಿದ್ದಿದ್ದ ಸರ್ಕಾರಿ ಮನೆಗಳನ್ನು ಬಾಡಿಗೆಗೆ ಕೊಡುವುದು ಒಂದು ದಾರಿ. ಕಂಪನಿಗಳೋ ಸರ್ಕಾರಿ ಸಂಸ್ಥೆಗಳೋ ತಮ್ಮ ಜಾಗದಲ್ಲಿ ಕಟ್ಟಿ ಕೆಲಸಗಾರರಿಗೆ ಕೊಡುವುದು ಇನ್ನೊಂದು. ಚಂಡೀಗಢದಲ್ಲಿ ಮೊದಲ ದಾರಿಯಲ್ಲಿ 2,195 ಮನೆ ಬಾಡಿಗೆಗೆ ಬಂದವು. ಎರಡನೆಯದಕ್ಕೆ ದೊಡ್ಡ ಉದಾಹರಣೆ ನಮ್ಮ ಪಕ್ಕದ ತಮಿಳುನಾಡಿನ ಶ್ರೀಪೆರಂಬದೂರಿನದು. ಅಲ್ಲಿ ಕೈಗಾರಿಕಾ ಪ್ರದೇಶದಲ್ಲೇ 18,720 ಹೆಣ್ಣುಮಕ್ಕಳು ಇರುವಷ್ಟು ದೊಡ್ಡ ವಸತಿ ಕಟ್ಟಿ 2024ರಲ್ಲಿ ತೆರೆದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತದಲ್ಲೂ ಬಾಡಿಗೆ ಮನೆಗೆ ಅಂತಲೇ ಒಂದು ಭಾಗ ಇದೆ.

ಆದರೆ ಇದರಲ್ಲಿ ಸಬ್ಸಿಡಿ ಹೋಗುವುದು ಕಟ್ಟಡ ಕಟ್ಟುವವರಿಗೆ. ನೀವು ಹಿಡಿದ ಮನೆಯ ಬಾಡಿಗೆಯಲ್ಲಿ ಇಷ್ಟು ಸರ್ಕಾರ ಕಟ್ಟುತ್ತದೆ ಅನ್ನುವ ಲೆಕ್ಕ ಇಲ್ಲಿ ಇಲ್ಲ. ಕಟ್ಟಡ ಎದ್ದು ನಿಂತಿರುವ ಕಡೆ, ಅಲ್ಲಿ ಕೆಲಸ ಮಾಡುವವರಿಗೆ, ಬಹಳ ಸಲ ಫ್ಯಾಕ್ಟರಿಯ ಮೂಲಕವೇ ಮನೆ ಸಿಗುತ್ತದೆ. ಹಾಗಾಗಿ ನಿಮ್ಮ ಯಜಮಾನರು ಕೇಳಬೇಕಾದ್ದು ಅವರ ಫ್ಯಾಕ್ಟರಿಯ ಎಚ್‌ಆರ್‌ ಹತ್ತಿರ: 'ಫ್ಯಾಮಿಲಿಗೆ ಕ್ವಾರ್ಟರ್ಸ್ ಇದೆಯಾ? ಬರೋ ಯೋಚನೆ ಇದೆಯಾ?' ಪರಿಚಯದವರ ಹತ್ತಿರ ಅಲ್ಲ. ಇನ್ನು ಸರ್ಕಾರದವರ ಹತ್ತಿರ ಖಾಲಿ ಮನೆ ಇದೆಯೋ ಇಲ್ಲವೋ ಅನ್ನುವುದನ್ನು ಪಾಲಿಕೆಯ ವಸತಿ ವಿಭಾಗದಲ್ಲಿ ಒಂದು ಬಿಳಿ ಹಾಳೆ ಅರ್ಜಿ ಕೊಟ್ಟು ಕೇಳಬಹುದು. ಅದಕ್ಕೆ ದುಡ್ಡು ಬೇಕಿಲ್ಲ.

ಹಿಂದೆ ಹೀಗಿರಲಿಲ್ಲ. 1952ರಲ್ಲೇ ನಮ್ಮ ದೇಶದಲ್ಲಿ ಫ್ಯಾಕ್ಟರಿ ಕೆಲಸದವರಿಗೆ ಸಬ್ಸಿಡಿ ಬಾಡಿಗೆಯಲ್ಲಿ ಮನೆ ಕಟ್ಟಿಕೊಡುವ ಯೋಜನೆ ಇತ್ತು. ಆಮೇಲೆ ಬಹಳ ಕಡೆ ಆ ಮನೆಗಳನ್ನು ಇದ್ದವರಿಗೇ ಮಾರಿಬಿಟ್ಟರು. ಅಲ್ಲಿಂದ ಈಚೆಗೆ ನಮ್ಮ ಸರ್ಕಾರಗಳಿಗೆ ಮನೆ ಅಂದರೆ ಸ್ವಂತ ಮನೆ ಅಂತಲೇ ಆಗಿಹೋಯಿತು. ಆಶ್ರಯ, ವಾಜಪೇಯಿ ನಗರ ವಸತಿ, ಕೊಳಗೇರಿ ಮಂಡಳಿಯ ಮನೆ, ಎಲ್ಲವೂ ಕೊಟ್ಟು ಹಕ್ಕುಪತ್ರ ಬರೆಯುವ ಲೆಕ್ಕದವು. ಇವತ್ತು ಊರಿಗೆ ಬಂದಿಳಿದವರು ನಾಳೆ ರಾತ್ರಿ ಎಲ್ಲಿ ಮಲಗಬೇಕು ಅನ್ನುವುದಕ್ಕೆ ಯಾರ ಹತ್ತಿರವೂ ಉತ್ತರ ಇಲ್ಲ. ಇದು ನನ್ನ ಹಳೇ ಸಂಕಟ, ಸುಮ್ನೆ ಹೇಳಿದೆ.

ನಿಮ್ಮ ಪರಿಚಯದವರು ಇನ್ನೊಂದು ಕೆಲಸವನ್ನೂ ಮಾಡಬಹುದು. ಊರಂಚಿನ ಸರ್ಕಾರಿ ಮನೆಗಳ ಕಡೆ ಕರೆದುಕೊಂಡು ಹೋಗಿ, ಬೇರೆ ಯಾರಿಗೋ ಹಂಚಿಕೆಯಾದ ಮನೆಯ ಬೀಗದ ಕೈ ಕೊಟ್ಟು, ಇದೇ ಸಬ್ಸಿಡಿ ಮನೆ ಅನ್ನಬಹುದು. ಬಾಡಿಗೆ ಕಡಿಮೆಯೇ ಇರುತ್ತದೆ. ಆದರೆ ಹಂಚಿಕೆಯಾದ ಮನೆಯನ್ನು ಬೇರೆಯವರಿಗೆ ಬಾಡಿಗೆ ಕೊಡಬಾರದು ಅಂತ ಷರತ್ತು ಇರುತ್ತದೆ. ಅಧಿಕಾರಿಗಳು ಪರಿಶೀಲನೆಗೆ ಬಂದ ದಿನ ಸಾಮಾನು ಹೊರಗೆ ಇಡುವವರು ನೀವು, ಅಡ್ವಾನ್ಸ್ ತಗೊಂಡವರು ಫೋನ್ ಎತ್ತುವುದಿಲ್ಲ.

ಈಗ ಭೋಗ್ಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಭಯ ಆಗಿದ್ದು ಇದೇ.

ನಮ್ಮ ಕಡೆ ಭೋಗ್ಯ ಅಂದರೆ ಬಾಡಿಗೆ ಇಲ್ಲದ ಮನೆ ಅನ್ನುವ ಭಾವನೆ ಇದೆ. 'ದುಡ್ಡು ಎಲ್ಲೂ ಹೋಗಲ್ಲ, ಮೂರು ವರ್ಷ ಆದಮೇಲೆ ಪೂರ್ತಿ ವಾಪಸ್ ಬರುತ್ತೆ' ಅಂತಾರೆ. ಕೈಯಲ್ಲಿ ನಾಲ್ಕು ಲಕ್ಷ ಸ್ವಂತದ್ದು ಇದ್ದವರಿಗೆ ಈ ಮಾತು ಸರಿ. ಅದನ್ನು ಬ್ಯಾಂಕಿನಲ್ಲಿ ಶೇ. 6.5ಕ್ಕೆ ಇಟ್ಟರೆ ವರ್ಷಕ್ಕೆ 26,000, ತಿಂಗಳಿಗೆ 2,170ರ ಹತ್ತಿರ ಬಡ್ಡಿ. ಅಷ್ಟನ್ನು ಬಿಟ್ಟುಕೊಟ್ಟು 6,500 ಬಾಡಿಗೆಯ ಮನೆಯಲ್ಲಿ ಇದ್ದ ಹಾಗಾಯಿತು. ರಿಟೈರ್ ಆದ ಮೇಷ್ಟ್ರುಗಳು ಭೋಗ್ಯಕ್ಕೆ ಮನೆ ಹಿಡಿಯುವುದು ಇದಕ್ಕೇ.

ನಿಮ್ಮ ಲೆಕ್ಕ ಬೇರೆ. ನಿಮ್ಮದು ಒಂದೂವರೆ ಲಕ್ಷ, ಅದರ ಬ್ಯಾಂಕ್ ಬಡ್ಡಿ ತಿಂಗಳಿಗೆ 810 ಹೋಯಿತು ಅಂದುಕೊಳ್ಳಿ. ಉಳಿದ ಎರಡೂವರೆ ಲಕ್ಷಕ್ಕೆ ಎರಡು ರೂಪಾಯಿ ಬಡ್ಡಿ ಅಂದರೆ ತಿಂಗಳಿಗೆ 5,000. ಒಟ್ಟು 5,810. ಬಾಡಿಗೆಗೇ ಇದ್ದರೆ 6,500, ಜೊತೆಗೆ 60,000 ಅಡ್ವಾನ್ಸಿನ ಬ್ಯಾಂಕ್ ಬಡ್ಡಿ 325 ಸೇರಿ 6,825. ಅಂದರೆ ಭೋಗ್ಯದಲ್ಲಿ ತಿಂಗಳಿಗೆ ಸುಮಾರು ಸಾವಿರ ಉಳಿಯಿತು, ಮೂರು ವರ್ಷಕ್ಕೆ 36,000. ಈ ಸಾವಿರ ರೂಪಾಯಿಗೋಸ್ಕರ ನೀವು ನಾಲ್ಕು ಲಕ್ಷವನ್ನು ಬೇರೆಯವರ ಕೈಗೆ ಕೊಡುತ್ತಿದ್ದೀರಿ. ಮೂರು ವರ್ಷ ಮುಗಿದ ದಿನ ಮಾಲೀಕರು 'ಇನ್ನೊಂದಾರು ತಿಂಗಳು ತಡಿಯಮ್ಮ' ಅಂದರೆ ಬಡ್ಡಿಯೇ 30,000 ಆಗುತ್ತದೆ. ಉಳಿಸಿದ್ದು ಅಲ್ಲಿಗೆ ಮುಗಿಯಿತು.

ಇನ್ನೂ ಒಂದಿದೆ. ಎರಡು ರೂಪಾಯಿ ಬಡ್ಡಿಗೆ ಕೊಡುವವರು ಬರೀ ಬಡ್ಡಿ ಕಟ್ಟಿಕೊಂಡು ಇರು ಅಂತಾರೋ, ಇಲ್ಲ ಅಸಲು ಸೇರಿಸಿ ಕಂತು ಕಟ್ಟು ಅಂತಾರೋ? ಫೈನಾನ್ಸಿನವರಾದರೆ ಕಂತೇ. ಎರಡೂವರೆ ಲಕ್ಷವನ್ನು ಆ ಬಡ್ಡಿಯಲ್ಲಿ ಮೂರು ವರ್ಷಕ್ಕೆ ತೀರಿಸಬೇಕಾದರೆ ತಿಂಗಳ ಕಂತು ಸುಮಾರು 9,800 ಬರುತ್ತದೆ. 17,000 ಸಂಬಳದಲ್ಲಿ 9,800 ಕೊಟ್ಟು ಐದು ಜನ ಏನು ತಿನ್ನುತ್ತೀರಿ? ಗಾರ್ಮೆಂಟ್ಸ್ ಸಂಬಳವನ್ನು ಇದಕ್ಕೆ ಲೆಕ್ಕ ಹಿಡಿಯಬೇಡಿ. ಮಗನಿಗೆ ನಾಲ್ಕು ವರ್ಷ, ಹೊಸ ಊರು, ನೀವು ಕೆಲಸಕ್ಕೆ ಸೇರುವುದು ಎಷ್ಟು ತಿಂಗಳು ತಡವಾಗುತ್ತದೋ ಯಾರಿಗೆ ಗೊತ್ತು.

ನನ್ನದೇ ಕಥೆ ಹೇಳುತ್ತೇನೆ. ಮದುವೆಯಾದ ಹೊಸದರಲ್ಲಿ ನಾವೂ ಭೋಗ್ಯಕ್ಕೆ ಮನೆ ಹಿಡಿದಿದ್ದೆವು, 60,000ಕ್ಕೆ. ನನ್ನ ಎರಡು ಬಳೆ ಅದರಲ್ಲಿ ಹೋಗಿತ್ತು. ಮಾಲೀಕರು ಒಳ್ಳೆಯವರೇ. ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದರು. ಅವಧಿ ಮುಗಿದಾಗ ಮಾತ್ರ ದುಡ್ಡಿರಲಿಲ್ಲ, ಮಗಳ ಮದುವೆಗೆ ಖರ್ಚಾಗಿತ್ತು. ಹತ್ತು ಸಾವಿರ, ಐದು ಸಾವಿರ ಅಂತ ಹನ್ನೊಂದು ತಿಂಗಳು ಕೊಟ್ಟರು. ಕೊನೆಗೆ ಮೂರು ಸಾವಿರ ಉಳಿದಾಗ 'ರಾಗಿ ಬಂದಿದೆ, ನಾಲ್ಕು ಮೂಟೆ ತಗೊಂಡು ಹೋಗಿ' ಅಂದರು. ತಗೊಂಡು ಬಂದೆವು. ವರ್ಷಪೂರ್ತಿ ಮುದ್ದೆ ಉಂಡೆವು. ಈಗ ನಗು ಬರುತ್ತದೆ, ಆಗ ಬರಲಿಲ್ಲ.

ಅದಕ್ಕೇ ಭೋಗ್ಯದ ಮನೆ ನೋಡುವವರಿಗೆ ನಾನು ಹೇಳುವುದು, ಗೋಡೆ ಆಮೇಲೆ ನೋಡಿ, ಮಾಲೀಕರಿಗೆ ದುಡ್ಡು ಯಾಕೆ ಬೇಕಾಗಿದೆ ಅನ್ನುವುದನ್ನು ಮೊದಲು ನೋಡಿ. ಬಾಡಿಗೆ ಬಿಟ್ಟು ಒಟ್ಟಿಗೆ ಗಂಟು ಕೇಳುವವರಿಗೆ ಎಲ್ಲೋ ಸಾಲ ಇದೆ ಅಂತಲೇ ಅರ್ಥ. ಆ ಸಾಲ ಇದೇ ಮನೆಯ ಮೇಲೆ ಬ್ಯಾಂಕಿನದಾಗಿದ್ದರೆ, ಕಂತು ತಪ್ಪಿದಾಗ ಬ್ಯಾಂಕಿನವರು ಬಂದು ಮನೆ ಬಾಗಿಲಿಗೆ ನೋಟಿಸ್ ಅಂಟಿಸುತ್ತಾರೆ. ನಿಮ್ಮ ನಾಲ್ಕು ಲಕ್ಷದ ಪತ್ರವನ್ನು ಅವರು ಕೇಳುವುದಿಲ್ಲ. ಮುಂದೆ ಎಂದಾದರೂ ಸ್ವಂತ ದುಡ್ಡಿನಲ್ಲಿ ಭೋಗ್ಯಕ್ಕೆ ಹೋದರೆ ಕಾವೇರಿ ವೆಬ್‌ಸೈಟಿನಲ್ಲಿ ಆ ಮನೆಯ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಅದೂ ಸಾಲದು, ಮೂಲ ಕ್ರಯಪತ್ರವನ್ನು ಕಣ್ಣಲ್ಲಿ ನೋಡಿ. ಜೆರಾಕ್ಸ್ ಮಾತ್ರ ತೋರಿಸಿ 'ಒರಿಜಿನಲ್ ಅಣ್ಣನ ಮನೇಲಿದೆ' ಅಂದರೆ ಆ ಅಣ್ಣ ಬಹಳ ಸಲ ಬ್ಯಾಂಕೇ ಆಗಿರುತ್ತಾನೆ. ಮೂರು ವರ್ಷದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಒಂದು ವರ್ಷ ಮೀರಿದ ಯಾವ ಗುತ್ತಿಗೆಗಾದರೂ 1908ರ ನೋಂದಣಿ ಕಾಯ್ದೆ ಹಾಗೆ ಹೇಳುತ್ತದೆ. ಖರ್ಚು ಉಳಿಸಲು ಹನ್ನೊಂದು ತಿಂಗಳ ಛಾಪಾ ಕಾಗದದಲ್ಲಿ ಮೂರು ವರ್ಷದ ಭೋಗ್ಯ ಬರೆಯುವುದು ನಮ್ಮ ಕಡೆ ರೂಢಿ. ಜಗಳ ಬಂದ ದಿನ ಆ ಕಾಗದದ ಬಲ ಬಹಳ ಕಡಿಮೆ.

ಒಟ್ಟಿನಲ್ಲಿ ಬಡ್ಡಿಗೆ ದುಡ್ಡು ತಂದು ಭೋಗ್ಯ ಬೇಡ. ಬಾಡಿಗೆಯೇ ಇರಲಿ. ಆದರೆ ಆ ಶೆಟ್ಟಿಹಳ್ಳಿ ಮನೆ ಬಗ್ಗೆಯೂ ನನ್ನದೊಂದು ತಕರಾರಿದೆ.

ನಿಮ್ಮ ಯಜಮಾನರ ಫ್ಯಾಕ್ಟರಿ ಶಿರಾ ರಸ್ತೆ ಕಡೆ, ಊರಿನಿಂದ ಇಪ್ಪತ್ತು ಕಿಲೋಮೀಟರ್ ಹತ್ತಿರ. ಶೆಟ್ಟಿಹಳ್ಳಿ ಊರಿನ ಇನ್ನೊಂದು ಪಕ್ಕ. ಅವರು ದಿನಾ ಊರು ದಾಟಿ ಹೋಗಬೇಕು. ಫ್ಯಾಕ್ಟರಿ ಬಸ್ ಇದ್ದರೆ ಅದು ಎಲ್ಲಿ ನಿಲ್ಲುತ್ತದೆ ಕೇಳಿ. ಬೆಳಗ್ಗೆ ಆರರ ಶಿಫ್ಟಿಗೆ ಹೋಗುವಾಗ, ರಾತ್ರಿ ಹತ್ತಕ್ಕೆ ವಾಪಸ್ ಬರುವಾಗ ಆ ಸ್ಟಾಪಿನಿಂದ ಮನೆಗೆ ನಡೆಯುವಷ್ಟು ದೂರ ಇರಬೇಕು. ಇಲ್ಲದಿದ್ದರೆ ಬೈಕು, ಪೆಟ್ರೋಲು ಅಂತ ಬಾಡಿಗೆಯ ಮೇಲೆ ಇನ್ನೊಂದು ಬಾಡಿಗೆ. ಬೈಕಿನ ಕಂತೂ ಸೇರಿದರೆ ಕೇಳುವುದೇ ಬೇಡ.

ನಿಮ್ಮ ಓಡಾಟದ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಿಮಗೆ, ಮಗಳಿಗೆ, ನಾದಿನಿಗೆ ಟಿಕೆಟ್ ದುಡ್ಡಿಲ್ಲ. ದುಡ್ಡು ಕೊಟ್ಟು ಓಡಾಡುವವರು ಮನೆಯಲ್ಲಿ ಒಬ್ಬರೇ, ನಿಮ್ಮ ಯಜಮಾನರು. ಹಾಗಾದರೆ ಮನೆ ಅವರ ಕೆಲಸಕ್ಕೆ ಹತ್ತಿರ ಇರಲಿ, ನೀವು ಹೆಣ್ಣುಮಕ್ಕಳು ಬಸ್ಸಿನಲ್ಲಿ ಓಡಾಡಿ. ಮೊದಲು ಗಂಡಸರು ಸೈಕಲ್ ತುಳಿದುಕೊಂಡು ಹೋಗುತ್ತಾರೆ, ಹೆಂಗಸರಿಗೆ ಹತ್ತಿರ ಇರಲಿ ಅಂತ ನಾವೇ ಹೇಳುತ್ತಿದ್ದೆವು. ಈಗ ಲೆಕ್ಕ ತಿರುಗಿದೆ. ಶಿರಾ ಗೇಟ್, ಅಂತರಸನಹಳ್ಳಿ ಕಡೆ ನೋಡಿ. ಕೋರದ ಕಡೆ ಹಳ್ಳಿಗಳಲ್ಲೂ ವಿಚಾರಿಸಿ, ಅಲ್ಲಿ ಪೇಟೆಗಿಂತ ಕಡಿಮೆಗೆ ಕೇಳುತ್ತಾರೆ. ನೀವು ಸೇರಬೇಕೆಂದಿರುವ ಗಾರ್ಮೆಂಟ್ಸಿಗೆ ಅಲ್ಲಿಂದ ಬೆಳಗ್ಗೆ ಹೊತ್ತಿಗೆ ಸರಿಯಾಗಿ ಸರ್ಕಾರಿ ಬಸ್ ಇದೆಯೇ ಅನ್ನುವುದನ್ನು ಮಾತ್ರ ಒಂದು ದಿನ ನಿಂತು ನೋಡಬೇಕು. ಖಾಸಗಿ ಬಸ್ಸಾದರೆ ಶಕ್ತಿ ನಡೆಯುವುದಿಲ್ಲ, ನೆನಪಿರಲಿ.

ಎರಡು ರೂಮಿನ ಮನೆಯೇ ಯಾಕೆ? ನಾದಿನಿ ಇದ್ದಾರೆ ಅಂತ. ವಯಸ್ಸಿಗೆ ಬಂದ ಹುಡುಗಿ, ಓದುವವಳು, ಅವಳಿಗೊಂದು ಕೋಣೆ ಬೇಕು ಅನ್ನುವುದು ಸರಿಯೇ. ಆದರೆ ನಿಮ್ಮ ಇಡೀ ಕುಟುಂಬದಲ್ಲಿ ಸರ್ಕಾರದ ಪುಕ್ಕಟೆ ವಸತಿ ನಿಜವಾಗಿ ಸಿಗುವ ಸಾಧ್ಯತೆ ಇರುವುದು ಅವಳೊಬ್ಬಳಿಗೇ. ಮೆಟ್ರಿಕ್ ನಂತರದ ಹಾಸ್ಟೆಲುಗಳು ಪರಿಶಿಷ್ಟ ಜಾತಿಯವರಾದರೆ ಸಮಾಜ ಕಲ್ಯಾಣ ಇಲಾಖೆಯವು, ಹಿಂದುಳಿದ ವರ್ಗದವರಾದರೆ ಬಿಸಿಎಂ ಇಲಾಖೆಯವು, ಅಲ್ಪಸಂಖ್ಯಾತರಾದರೆ ಅವರ ಇಲಾಖೆಯವು. ಊಟ, ವಸತಿ ಎರಡೂ ಉಚಿತ. ಅರ್ಜಿ ಆನ್‌ಲೈನ್‌ನಲ್ಲಿ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಈಗಲೇ ನಾಡಕಚೇರಿಯಲ್ಲಿ ಮಾಡಿಸಿಡಿ, ಕಾಲೇಜು ಸೇರಿದ ರಸೀದಿ ಕೈಗೆ ಬಂದ ದಿನವೇ ಹಾಕಿ. ಸೀಟಿಗಿಂತ ಅರ್ಜಿ ಜಾಸ್ತಿ ಇರುತ್ತವೆ, ತಡ ಮಾಡಿದರೆ ಆ ವರ್ಷ ಹೋಯಿತು. ಹಿಂದುಳಿದ ವರ್ಗದವರಾಗಿದ್ದು ಸೀಟು ಸಿಗದಿದ್ದರೆ ವಿದ್ಯಾಸಿರಿ ಅಂತ ಇದೆ. ಹಾಸ್ಟೆಲ್ ಸಿಗದ ಮಕ್ಕಳಿಗೆ ಊಟ, ವಸತಿ ಖರ್ಚಿಗೆ ಅಂತ ಅದು ಶುರುವಾದಾಗ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುತ್ತಿದ್ದರು. ನಾದಿನಿಯ ಬದಲು ಓದುವ ಮೈದುನ ಇದ್ದಿದ್ದರೆ ಮೊದಲು ಸಿದ್ಧಗಂಗೆ ಮಠದ ಹೆಸರು ಹೇಳುತ್ತಿದ್ದೆ. ತುಮಕೂರಿನ ಅತಿ ದೊಡ್ಡ ಸಬ್ಸಿಡಿ ವಸತಿ ಅಂದರೆ ಅದೇ ಅಲ್ವಾ!

ಅವಳು ಹಾಸ್ಟೆಲಿಗೆ ಹೋದರೆ ನಿಮಗೆ ಒಂದು ರೂಮು, ಹಾಲು, ಅಡುಗೆಮನೆ ಸಾಕು. ಅವಳ ಊಟದ ಖರ್ಚೂ ಕಡಿಮೆಯಾಗುತ್ತದೆ. ಭಾನುವಾರ ಬಂದರೆ ಹಾಲಿನಲ್ಲಿ ಹಾಸಿಗೆ ಹಾಸಿದರಾಯಿತು. 'ನಮ್ಮ ಹುಡುಗಿನ ಹಾಸ್ಟೆಲಿಗೆ ಹಾಕಿದ್ರು' ಅಂತ ನಿಮ್ಮ ಅತ್ತೆ ನೊಂದುಕೊಳ್ಳಬಹುದು. ಅದನ್ನು ಅವರಿಗೆ ನಿಮ್ಮ ಯಜಮಾನರೇ ಹೇಳಲಿ, ನೀವು ಹೇಳಬೇಡಿ.

ನಿಮ್ಮ ಜೊತೆ ಊರಿನಿಂದ ಗಾರ್ಮೆಂಟ್ಸಿಗೆ ಬರುವ ಒಂಟಿ ಹೆಣ್ಣುಮಕ್ಕಳು ಯಾರಾದರೂ ಇದ್ದರೆ ಅವರಿಗೆ ಹೇಳಿ, ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಅಂತ ಕೇಂದ್ರದ ಯೋಜನೆ ಇದೆ, ಈಗ ಸಖಿ ನಿವಾಸ ಅಂತಾರೆ. ಮಹಾನಗರ ಬಿಟ್ಟು ಉಳಿದ ಊರುಗಳಲ್ಲಿ ತಿಂಗಳಿಗೆ 35,000ದವರೆಗೆ ಸಂಬಳ ಇರುವವರು ಸೇರಬಹುದು. ಬಾಡಿಗೆ ಸಂಬಳದ ಲೆಕ್ಕದಲ್ಲಿ: ಒಬ್ಬರೇ ಇರುವ ಕೋಣೆಗೆ ಶೇ. 15, ಇಬ್ಬರ ಕೋಣೆಗೆ ಶೇ. 10, ಹಾಲ್‌ನಲ್ಲಿ ಎಲ್ಲರ ಜೊತೆ ಮಲಗಿದರೆ ಶೇ. 7.5ಕ್ಕಿಂತ ಜಾಸ್ತಿ ತಗೊಳ್ಳುವ ಹಾಗಿಲ್ಲ. ಹತ್ತು ಸಾವಿರ ಸಂಬಳದವಳಿಗೆ 750 ರೂಪಾಯಿ. ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಎಲ್ಲಿ ಜಾಗ ಇದೆ ಕೇಳಬೇಕು.

ಸರಿ, ನಿಮ್ಮ ಮನೆಗೆ ವಾಪಸ್ ಬರೋಣ. ಬಾಡಿಗೆದಾರರಿಗೆ ಸರ್ಕಾರದಿಂದ ನೇರವಾಗಿ ತಲುಪುವ ಸಹಾಯ ಅಂದರೆ ಗೃಹಜ್ಯೋತಿ. 200 ಯೂನಿಟ್‌ವರೆಗೆ ಕರೆಂಟ್ ಉಚಿತ ಅಂತ ಎಲ್ಲರಿಗೂ ಗೊತ್ತು. ಬಾಡಿಗೆ ಮನೆಯವರಿಗೂ ಅನ್ವಯ. ಆದರೆ ಇದರೊಳಗೆ ಎರಡು ಮೂರು ಗಂಟುಗಳಿವೆ, ಮನೆ ಹಿಡಿಯುವ ಮೊದಲೇ ಬಿಡಿಸಿಕೊಳ್ಳಬೇಕು.

ಒಂದು, ಮನೆಗೆ ಪ್ರತ್ಯೇಕ ಬೆಸ್ಕಾಂ ಮೀಟರ್, ಪ್ರತ್ಯೇಕ ಆರ್‌ಆರ್ ನಂಬರ್ ಇರಬೇಕು. ಹಿಂದುಗಡೆಯ ಶೀಟ್ ಮನೆ, ಟೆರೇಸ್ ಮೇಲಿನ ಮನೆ, ಹಳೇ ವಠಾರದ ಮನೆಗಳಲ್ಲಿ ಮಾಲೀಕರ ಮೀಟರಿಂದಲೇ ಎಳೆದು ಒಂದು ಸಬ್ ಮೀಟರ್ ಕೂರಿಸಿರುತ್ತಾರೆ. ಆಗ ಉಚಿತ ಕರೆಂಟ್ ಮಾಲೀಕರಿಗೆ, ಯೂನಿಟ್ ಲೆಕ್ಕದ ದುಡ್ಡು ನಿಮ್ಮಿಂದ. ಬಾಡಿಗೆ ಐನೂರು ಕಡಿಮೆ ಅಂತ ಅಂಥ ಮನೆ ಹಿಡಿದು ಕರೆಂಟಿಗೆ ಆರುನೂರು ಕೊಟ್ಟವರನ್ನು ನೋಡಿದ್ದೇನೆ. ಎರಡು, ನಿಮಗಿಂತ ಮುಂಚೆ ಇದ್ದವರು ಆ ಮೀಟರಿಗೆ ತಮ್ಮ ಆಧಾರ್ ಜೋಡಿಸಿರುತ್ತಾರೆ. ಖಾಲಿ ಮಾಡಿ ಹೋಗುವಾಗ ಅದನ್ನು ಬಿಡಿಸಿ ಹೋಗಬೇಕು. ಸೇವಾಸಿಂಧುವಿನಲ್ಲಿ ಡಿ-ಲಿಂಕ್ ಅಂತಲೇ ಅವಕಾಶ ಕೊಟ್ಟಿದ್ದಾರೆ. ಅವರು ಬಿಡಿಸದೆ ಹೋದರೆ ನೀವು ಅವರ ಹಿಂದೆ, ಬೆಸ್ಕಾಂ ಹಿಂದೆ ಅಲೆಯಬೇಕು. ಅಡ್ವಾನ್ಸ್ ಕೊಡುವ ಮೊದಲೇ 'ಹಿಂದಿನವರ ಡಿ-ಲಿಂಕ್ ಆಗಿದೆಯಾ?' ಅಂತ ಮಾಲೀಕರನ್ನು ಕೇಳಿ. ಮೂರು, 200 ಅನ್ನುವುದು ಎಲ್ಲರಿಗೂ ಸಿಗುವ ಲೆಕ್ಕ ಅಲ್ಲ. 2023ರಲ್ಲಿ ಯೋಜನೆ ಶುರುವಾದಾಗ ಆ ಮೀಟರಿನ 2022-23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಮಿತಿ ಹಾಕಿದರು. ಹಳೇ ಲೆಕ್ಕ ಇಲ್ಲದ ಹೊಸ ಮನೆಗೆ 58 ಯೂನಿಟ್ ಅಂತ ಇಟ್ಟರು. ಮಿತಿ ದಾಟಿದರೆ ದಾಟಿದ್ದಕ್ಕೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು. ಹಳೇ ಬಿಲ್ ಒಂದನ್ನು ಕೇಳಿ ನೋಡಿದರೆ ಆ ಮನೆಯ ಮಿತಿ ಎಷ್ಟು ಅಂತ ಅದರಲ್ಲೇ ಇರುತ್ತದೆ.

ಕರೆಂಟಿನಷ್ಟೇ ಮುಖ್ಯ ನೀರು. ತುಮಕೂರಿಗೆ ಹೇಮಾವತಿ ನೀರು ಬುಗುಡನಹಳ್ಳಿ ಕೆರೆಯಿಂದ ಬರುತ್ತದೆ. ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ ಅನ್ನುವುದು ಬೀದಿಯಿಂದ ಬೀದಿಗೆ ಬೇರೆ. ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಂಗಸರನ್ನು ಕೇಳಿ. 'ಏಪ್ರಿಲ್‌ನಲ್ಲಿ ಟ್ಯಾಂಕರ್ ಹಾಕಿಸಿದ್ರಾ?' ಅಂತ ಒಂದೇ ಪ್ರಶ್ನೆ ಸಾಕು.

ಅಡ್ವಾನ್ಸ್ ವಿಷಯ. ವಾಟ್ಸಾಪ್‌ನಲ್ಲಿ ಬಂದಿದ್ದು ಅರ್ಧ ನಿಜ. 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಬಾಡಿಗೆ ಕಾಯ್ದೆ ಅಂತ ಒಂದು ಕಾಯ್ದೆ ಬರೆದು ರಾಜ್ಯಗಳಿಗೆ ಕಳಿಸಿತು. ಅದರಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ತಗೊಳ್ಳಬಾರದು ಅಂತ ಇದೆ. ಆದರೆ ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಉಂಟು, ಕರ್ನಾಟಕ ಮಾಡಿಕೊಂಡಿಲ್ಲ. ನಮ್ಮಲ್ಲಿರುವುದು 1999ರ ಬಾಡಿಗೆ ಕಾಯ್ದೆ. ಅದೂ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದ ಕಡೆ 2,000 ದಾಟಿದ ಬಾಡಿಗೆಗೆ ಅನ್ವಯಿಸುವುದಿಲ್ಲ. ಇವತ್ತು ಎರಡು ಸಾವಿರಕ್ಕೆ ಮನೆ ಎಲ್ಲಿದೆ ಹೇಳಿ! ಹಾಗಾಗಿ ಅಡ್ವಾನ್ಸ್ ಎಷ್ಟು ಅನ್ನುವುದು ನಿಮ್ಮ ಮತ್ತು ಮಾಲೀಕರ ಮಾತಿನ ಮೇಲೆ. ವಾಟ್ಸಾಪ್ ಮೆಸೇಜ್ ತೋರಿಸಿ ಚೌಕಾಸಿಗೆ ಕೂರಬೇಡಿ, ಮನೆಯೇ ತಪ್ಪುತ್ತದೆ. 'ಅಷ್ಟು ಒಟ್ಟಿಗೆ ಆಗಲ್ಲ ಸಾರ್, 30,000 ಈಗ, ಉಳಿದಿದ್ದಕ್ಕೆ ಬದಲು ಬಾಡಿಗೆ ತಿಂಗಳ ಮೊದಲನೇ ತಾರೀಕಿಗೇ ಕೊಡ್ತೀವಿ' ಅಂತ ಕೇಳಿ. ಫ್ಯಾಕ್ಟರಿ ಐಡಿ ಕಾರ್ಡ್ ತೋರಿಸಿ. ತಿಂಗಳ ಸಂಬಳದ ಸಂಸಾರಸ್ಥರು ಅಂದರೆ ಮಾಲೀಕರಿಗೆ ಅರ್ಧ ಧೈರ್ಯ.

ಚೌಕಾಸಿಗೆ ಈಗ ಒಳ್ಳೇ ಕಾಲ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮನೆ ಬದಲಾಯಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಮೇ ತಿಂಗಳಲ್ಲಿ ಖಾಲಿಯಾಗಿ ಉಳಿದ ಮನೆಗೆ ಶ್ರಾವಣದವರೆಗೆ ಬಾಡಿಗೆ ಇಲ್ಲ ಅಂತ ಮಾಲೀಕರಿಗೂ ಗೊತ್ತು. ಈಗ ಹೋಗಿ ಮಾತಾಡಿ, ಟೋಕನ್ ಅಡ್ವಾನ್ಸ್ ಕೊಟ್ಟು ಮನೆ ಹಿಡಿದಿಡಿ. ನಿಮಗೆ ನಂಬಿಕೆ ಇದ್ದರೆ ಶ್ರಾವಣದ ಮೊದಲ ವಾರ ಹಾಲು ಉಕ್ಕಿಸಿ, ಬಾಡಿಗೆ ಅಲ್ಲಿಂದ ಶುರು ಅಂತ ಒಪ್ಪಿಸಿ. ಅಷ್ಟೆಲ್ಲ ನೋಡದವರಾದರೆ ಈಗಲೇ ಬಂದುಬಿಡಿ, ಐನೂರು ಇಳಿಸಿ ಕೇಳಿ. ದಕ್ಷಿಣಕ್ಕೆ ಬಾಗಿಲಿರುವ ಮನೆಗಳೂ ಹೀಗೇ, ಜಾಸ್ತಿ ದಿನ ಖಾಲಿ ಇರುತ್ತವೆ, ಬಾಡಿಗೆ ಇಳಿಯುತ್ತದೆ. ನಾನು ಒಂಬತ್ತು ವರ್ಷ ಅಂಥ ಮನೆಯಲ್ಲಿದ್ದೆ. ಬಿಸಿಲು ಸ್ವಲ್ಪ ಜಾಸ್ತಿ, ಅಷ್ಟೇ.

ಹುಡುಕುವುದು ಹೇಗೆ ಅಂದರೆ, ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ನಡೆದೇ ಹುಡುಕಿ. ಮೊಬೈಲ್ ಆ್ಯಪ್‌ನಲ್ಲಿ ಬರುವುದು ದೊಡ್ಡ ಬಾಡಿಗೆಯ ಮನೆಗಳೇ ಜಾಸ್ತಿ. ನಾಲ್ಕೈದು ಸಾವಿರದ ಮನೆಗಳು ಗೇಟಿಗೆ ಕಟ್ಟಿದ ರಟ್ಟಿನ ಮೇಲೆ ಇರುತ್ತವೆ, ಇಲ್ಲ ಅದೂ ಇರುವುದಿಲ್ಲ. ಇಸ್ತ್ರಿ ಅಂಗಡಿಯವರು, ಹಾಲಿನ ಬೂತಿನವರು, ದಿನಸಿ ಅಂಗಡಿಯವರು, ಇವರಿಗೆ ಯಾವ ಮನೆ ಯಾವಾಗ ಖಾಲಿ ಅಂತ ಬ್ರೋಕರಿಗಿಂತ ಮೊದಲೇ ಗೊತ್ತಾಗುತ್ತದೆ. 'ಯಾವ ಜನ?' 'ಮನೇಲಿ ಏನೇನು ತಿಂತೀರಾ?' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ತಪ್ಪು ಪ್ರಶ್ನೆ, ಆದರೂ ಕೇಳುತ್ತಾರೆ. ಸುಳ್ಳು ಹೇಳಿ ಒಳಗೆ ಹೋಗಬೇಡಿ. ಮೀನಿನ ವಾಸನೆಗೆ ಬಾಗಿಲು ಹಾಕಿಕೊಂಡು ಅಡುಗೆ ಮಾಡುವ ಬದುಕು ಬಹಳ ದಿನ ನಡೆಯುವುದಿಲ್ಲ. ಮುಂದಿನ ಗೇಟು ನೋಡಿ.

ಮನೆ ಒಪ್ಪಿಗೆಯಾದರೆ ಹನ್ನೊಂದು ತಿಂಗಳ ಕರಾರು ಬರೆಸಿ. ಅಡ್ವಾನ್ಸನ್ನು ಫೋನ್‌ಪೇನಲ್ಲೋ ಬ್ಯಾಂಕಿನಲ್ಲೋ ಕಳಿಸಿ, ಕೈಗೆ ಕೊಡಬೇಡಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಎಷ್ಟು ಹಿಡಿಯುತ್ತಾರೆ, ಅಡ್ವಾನ್ಸ್ ಎಷ್ಟು ದಿನದಲ್ಲಿ ವಾಪಸ್, ವರ್ಷಕ್ಕೆ ಬಾಡಿಗೆ ಎಷ್ಟು ಏರಿಸುತ್ತಾರೆ, ಈ ಮೂರನ್ನು ಕಾಗದದಲ್ಲೇ ಬರೆಸಿ. ಇಲ್ಲಿ ಜಗಳ ಬರುವುದೆಲ್ಲ ಈ ಮೂರರಲ್ಲೇ. ಒಳಗೆ ಹೋದ ದಿನ ಗೋಡೆ, ನಲ್ಲಿ, ಸಿಂಕು, ಕಿಟಕಿ ಗಾಜು ಎಲ್ಲದರ ಫೋಟೊ ತೆಗೆದು ಮಾಲೀಕರಿಗೇ ವಾಟ್ಸಾಪ್ ಮಾಡಿ. ಒಡೆದ ಗಾಜು ನಿಮ್ಮ ತಲೆಗೆ ಬರುವುದಿಲ್ಲ. ನಾಳೆಯೇ ಖಾಲಿ ಮಾಡಿ ಅಂತ ಯಾರಾದರೂ ಸಾಮಾನು ಹೊರಗೆ ಹಾಕಲು ಬಂದರೆ ಹೆದರಬೇಡಿ. ಕರಾರಿನಲ್ಲಿ ಬೇರೆ ಏನೂ ಬರೆಯದಿದ್ದರೂ ತಿಂಗಳ ಬಾಡಿಗೆಗೆ ಹದಿನೈದು ದಿನದ ನೋಟಿಸ್ ಕೊಡಬೇಕು, ಅದಾದ ಮೇಲೂ ನೀವು ಬಿಡದಿದ್ದರೆ ಕೋರ್ಟಿಗೆ ಹೋಗಬೇಕೇ ಹೊರತು ಕೈ ಹಾಕುವ ಹಾಗಿಲ್ಲ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ.

ಬಾಡಿಗೆಗೆ ಇದ್ದುಕೊಂಡೇ ಸ್ವಂತ ಮನೆಯ ಅರ್ಜಿ ಹಾಕಿಡಿ, ಇದನ್ನು ಮರೆಯಬೇಡಿ. ಆವಾಸ್ ಎರಡನೇ ಹಂತದಲ್ಲಿ ವರ್ಷಕ್ಕೆ 3 ಲಕ್ಷದವರೆಗೆ ಆದಾಯ ಇರುವವರು ಮೊದಲ ಗುಂಪು. ಈಗಿನ ಒಂದು ಸಂಬಳದಲ್ಲಿ ನಿಮ್ಮದು 2,04,000. ದೇಶದಲ್ಲಿ ಎಲ್ಲೂ ನಿಮ್ಮ ಅಥವಾ ಯಜಮಾನರ ಹೆಸರಿನಲ್ಲಿ ಪಕ್ಕಾ ಮನೆ ಇರಬಾರದು. ಹಿಂದಿನ ಇಪ್ಪತ್ತು ವರ್ಷದಲ್ಲಿ ಯಾವುದೇ ವಸತಿ ಯೋಜನೆಯ ಮನೆ ತಗೊಂಡಿರಬಾರದು. ಊರಿನ ಮನೆ ಮಾವನವರ ಹೆಸರಲ್ಲಿದ್ದರೆ ಅದು ಅಡ್ಡ ಬರುವುದಿಲ್ಲ. ಆದರೆ ಪಂಚಾಯ್ತಿಯಲ್ಲಿ ಎಂದಾದರೂ ನಿಮ್ಮ ಹೆಸರಿಗೆ ಸರ್ಕಾರಿ ಮನೆ ಮಂಜೂರಾಗಿ ಬಿಲ್ ಆಗಿದೆಯೇ ಅನ್ನುವುದನ್ನು ಮೊದಲು ನೋಡಿಕೊಳ್ಳಿ. ಹೆಣ್ಣುಮಕ್ಕಳಿಗೆ ತಿಳಿಸದೆ ಅವರ ಹೆಸರಿನಲ್ಲಿ ಮನೆ ಹಾಕಿಸಿ ಮುಗಿಸಿಬಿಟ್ಟಿರುವುದನ್ನು ನಾನು ಕಂಡಿದ್ದೇನೆ.

ಉಳಿದ ಒಂದು ಲಕ್ಷದ ಚಿಲ್ಲರೆಯನ್ನು ಬ್ಯಾಂಕಿನಲ್ಲೇ ಬಿಡಿ, ಮುಟ್ಟಬೇಡಿ. ಮಗಳ ಟಿಸಿ, ಎಲ್ಲರ ಆಧಾರ್, ಕರಾರಿಗೆ ಎರಡೆರಡು ಫೋಟೊ ಜೊತೆಗಿಟ್ಟುಕೊಳ್ಳಿ. ರೇಷನ್ ಕಾರ್ಡಿನ ವಿಳಾಸ ಬದಲಾಯಿಸಲು ಈಗಲೇ ಓಡಾಡಬೇಡಿ, ಮಧುಗಿರಿಯ ಕಾರ್ಡಿಗೆ ತುಮಕೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ಒತ್ತಿ ಅಕ್ಕಿ ತಗೊಳ್ಳಬಹುದು.